ದೊಡ್ಡಬಸಪ್ಪನವರ ಕಂಪ್ಯೂಟರಿಗೆ ಆಯುಧಪೂಜೆ

ಪಕ್ಕದ ಮನೆಯ ದೊಡ್ಡಬಸಪ್ಪನವರ ಮಹಡಿ ಕೋಣೆ ನೋಡಿದವರು, ಇವರಿಗಿಂತ ಗುಜರಿ ಅಂಗಡಿಯವನೇ ವಾಸಿ ಎನ್ನುತ್ತಾರೆ. ಅವನಾದರೂ ಬಂದದ್ದನ್ನು ಮಾರುತ್ತಾನೆ. ಇವರು ಹಳೇ ಕಂಪ್ಯೂಟರು ಕಂಡಲ್ಲೆಲ್ಲ ಕೊಂಡು ತರುತ್ತಾರೆ, ಒಂದು ವೈರನ್ನೂ ಯಾರಿಗೂ ಕೊಟ್ಟವರಲ್ಲ. ಟಿ.ವಿ.ಗೆ ಜೋಡಿಸುವಂಥದು, ತಟ್ಟೆಯಷ್ಟು ಅಗಲದ ಫ್ಲಾಪಿ ನುಂಗುವಂಥದು, ಹಸಿರು ಅಕ್ಷರದ ಪರದೆಯದು, ಎಲ್ಲ ಅಲ್ಲಿವೆ. ನನಗೆ ಅವುಗಳ ತಲೆಬುಡ ತಿಳಿಯದು. ಆದರೂ ಚಹಾದ ನೆಪದಲ್ಲಿ ಹೋಗಿ ಕೂರುತ್ತೇನೆ. ಅಷ್ಟು ಸುಖವಾಗಿರುವ ಮನುಷ್ಯ ಗಂಗಾವತಿಯ ನಮ್ಮ ಓಣಿಯಲ್ಲಿ ಇನ್ನೊಬ್ಬರಿಲ್ಲ.

ಅವುಗಳಲ್ಲಿ ಮೊದಲು ಬಂದದ್ದರ ಮೇಲೆ ಅವರಿಗೆ ಜೀವ. ಎಂಬತ್ತರ ದಶಕದಲ್ಲಿ ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದಾಗ, ಟಿ.ವಿ. ರಿಪೇರಿಯ ಅಜೀಮನ ಜೊತೆಗೂಡಿ ಹೈದರಾಬಾದಿನಿಂದ ತಂದದ್ದು. ಮಿಲ್ಲಿನ ಆಫೀಸಿನ ಮೂಲೆಯಲ್ಲೇ ಕೂತು ಇಬ್ಬರೂ ಎತ್ತಿನಬಂಡಿ ಓಡಿಸುವ ಆಟವೊಂದನ್ನು ಬರೆದು, ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದರು. ಅಜೀಮ ಈಗ ಕೊಪ್ಪಳದಲ್ಲಿ ಮಗಳು ಖುಷ್ಬುವಿನ ಮನೆಯಲ್ಲಿದ್ದಾನೆ. ಹೋದ ದಸರೆಗೆ ಕೆಲವು ದಿನ ಮೊದಲು ಆತ ಫೋನು ಮಾಡಿದ.

"ಬಸಣ್ಣ, ಬನ್ನಿ ಹಬ್ಬಕ್ಕ ಬರ್ತೀನಿ. ಕ್ಯಾಸೆಟ್ ನನ್ನ ಹಂತ್ಯಾಕ ಐತಿ, ತರ್ತೀನಿ. ಸಾಯೂದ್ರಾಗ ನಮ್ಮ ಬಂಡಿ ಓಡೂದು ನೋಡಬೇಕಪಾ."

ದೊಡ್ಡಬಸಪ್ಪನವರಿಗೆ ಊಟ ಸೇರದಾಯಿತು. ಮಿಷನ್ನು ಹತ್ತುತ್ತಿತ್ತು, ಟಿ.ವಿ.ಯಲ್ಲಿ ಬೆಳಕೂ ಬರುತ್ತಿತ್ತು. ಆದರೆ ಕ್ಯಾಸೆಟ್ಟಿನಿಂದ ಆಟ ಬರಬೇಕಾದರೆ ಮೊದಲು ಇಂಗ್ಲಿಷಿನಲ್ಲಿ 'ಲೋಡ್' ಎಂದು ಒತ್ತಬೇಕು. ಅದಕ್ಕೆ ಬೇಕಾದ ಎಲ್ ಮತ್ತು ಓ ಗುಂಡಿಗಳೇ ಸತ್ತಿದ್ದವು. ಕೀಬೋರ್ಡು ಬಿಚ್ಚಿ, ಒರೆಸಿ, ಊದಿ ಸಾಕಾದರು. ಹೊಸಪೇಟೆಯಲ್ಲಿ ಯಾರದೋ ಹತ್ತಿರ ಹಳೇ ಗುಂಡಿಗಳಿವೆ ಎಂದು ಕೇಳಿ ಆಯುಧಪೂಜೆಯ ಬೆಳಿಗ್ಗೆಯೇ ಬಸ್ಸು ಹತ್ತಿದರು. ಬಿಚ್ಚಿದ ಕೀಬೋರ್ಡು ಮೇಜಿನ ಮೇಲೇ ಉಳಿಯಿತು.

ಇತ್ತ ಅವರ ಹೆಂಡತಿ ಶೇಖರಮ್ಮ ಪೂಜೆಗೆ ಇಡುವ ಯಾವುದನ್ನೂ ತೊಳೆಯದೆ ಇಡುವವರಲ್ಲ. ಸ್ಕೂಟರು, ಕುಡುಗೋಲು, ಈಳಿಗೆ, ಮಿಕ್ಸರಿನ ಜಾರು ಎಲ್ಲ ಆದ ಮೇಲೆ ಕೀಬೋರ್ಡೂ ಬಕೆಟ್ಟಿಗೆ ಇಳಿಯಿತು. ಸೋಪಿನ ಪುಡಿ ಹಾಕಿ, ಹಳೇ ಬ್ರಶ್ಶಿನಿಂದ ಸಂದಿಗೊಂದಿಯೆಲ್ಲ ತಿಕ್ಕಿ, ಮಾಳಿಗೆಯ ಮೇಲೆ ಬೋರಲು ಹಾಕಿದರು.

ಬರಿಗೈಲಿ ಮರಳಿದ ದೊಡ್ಡಬಸಪ್ಪನವರು ಅದನ್ನು ಕಂಡು ಹೆಂಡತಿಯನ್ನು ಕೂಗಿದರು.

"ಏನ್ ಮಾಡಿಟ್ಟಿ ಇದು! ಕರೆಂಟಿನ ಸಾಮಾನಿಗೆ ನೀರ ಹಾಕ್ತಾರೇನು?"

"ಮೈತುಂಬ ಜಿಡ್ಡು ಇತ್ರಿ. ಹೊಲಸ ಆಯುಧಕ್ಕ ಕುಂಕುಮ ಹ್ಯಾಂಗ ಹಚ್ಚಲಿ?" ಎಂದ ಶೇಖರಮ್ಮನವರ ಕಣ್ಣು ತುಂಬಿತು. ಇಬ್ಬರೂ ಮಾತು ಬಿಟ್ಟರು. ಹಬ್ಬದ ಹೋಳಿಗೆ ತಿನ್ನಲು ಹೋದ ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರೂ ಪಾಪ ಎನ್ನಿಸಿತು.

ಮರುದಿನ ಅಜೀಮ ಬಂದ. ಬನ್ನಿ ಕೊಟ್ಟು, ತಗೊಂಡು, ನಡೆದದ್ದೆಲ್ಲ ಕೇಳಿ, ಕೀಬೋರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿದ. "ಒಣಗೇತಲ್ಲ? ಜೋಡಿಸಿ ನೋಡೂಣು ಬಾ."

ದೊಡ್ಡಬಸಪ್ಪನವರು ಮನಸ್ಸಿಲ್ಲದ ಮನಸ್ಸಿನಿಂದ ಎಲ್ ಒತ್ತಿದರು. ಪರದೆಯ ಮೇಲೆ ಎಲ್ ಬಂತು. ಓ ಒತ್ತಿದರು. ಅದೂ ಬಂತು.

"ಮಿಲ್ಲಿನ ತೌಡು, ಬಸಣ್ಣ! ಆವತ್ತಿಂದ ಒಳಗ ಮೆತ್ತಿಕೊಂಡು ಕುಂತಿತ್ತು. ಅಕ್ಕಾರು ತೊಳದ ಒಗದಾರ!" ಅಜೀಮ ಮಗುವಿನಂತೆ ಕುಣಿದ. ಕ್ಯಾಸೆಟ್ಟು ಕೀರಲು ದನಿಯಲ್ಲಿ ಅರಚಿತು. ಬಹಳ ಹೊತ್ತಿನ ಮೇಲೆ ಪರದೆಗೆ ಎರಡೆತ್ತು, ಒಂದು ಬಂಡಿ ಬಂದು ನಿಂತವು.

ಅಜೀಮ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ದೊಡ್ಡಬಸಪ್ಪನವರು ಅವನ ಭುಜ ಹಿಡಿದು ನಿಲ್ಲಿಸಿ, ಕೆಳಗೆ ಹೋಗಿ ಹೆಂಡತಿಯನ್ನು ಕರೆತಂದರು.

"ಕೂಡು. ಮೊದಲ ನೀ ಓಡಿಸು."

"ನನಗೇನ್ ಬರತೈತ್ರಿ ಅದು?"

"ನಾ ಕಲಿಸ್ತೀನಿ. ನಿನ್ನ ಬಿಟ್ಟು ಇಷ್ಟ ವರ್ಷ ಒಬ್ಬಾವನ ಆಡಿದ್ನಲ್ಲ, ತಪ್ಪಾತು."

ಶೇಖರಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೂತರು. ಮೊದಲ ತಿರುವಿನಲ್ಲೇ ಬಂಡಿ ಕಾಲುವೆಗೆ ಬಿತ್ತು. ಅವರು ಹೆದರಿ ಗಂಡನ ಮುಖ ನೋಡಿದರು. ದೊಡ್ಡಬಸಪ್ಪನವರು ನಗುತ್ತಾ, "ಬೀಳ್ಲಿ ಬಿಡು, ಮತ್ತ ಹೊಡಿ" ಎಂದರು.