ಬೀರಣ್ಣ ಮಾವನ ಶೂ ಒಳಗಿನ ಕಲ್ಲು

ಹಾರೋಹಳ್ಳಿಯಿಂದ ಬಂದ ಕಾರ್ಖಾನೆ ಬಸ್ಸಿನಿಂದ ಇಳಿದವರೆಲ್ಲ ಮನೆ ಕಡೆ ನಡೆದರೆ, ಬೀರಣ್ಣ ಮಾವ ಮಾತ್ರ ಮೋರಿಕಟ್ಟೆಯ ಮೇಲೆ ಕೂತು ಬಲಗಾಲಿನ ಶೂ ಬಿಚ್ಚಿ ತಲೆಕೆಳಗು ಮಾಡಿ ಕೊಡವುತ್ತಿದ್ದ. ಏನೂ ಬೀಳುತ್ತಿರಲಿಲ್ಲ. ಕಾಲುಚೀಲವನ್ನೂ ತಿರುವಿ ನೋಡುತ್ತಿದ್ದ.

"ಐತೆ ಕಣ್ಲಾ, ಕಡ್ಲೆಕಾಳಷ್ಟು ಕಲ್ಲು. ಮೆಟ್ಟುದ್ರೆ ಐತೆ, ಹುಡುಕುದ್ರೆ ಇಲ್ಲ."

ನಮ್ಮ ಪಕ್ಕದ ಮನೆಯವನು. ಅವ್ವನನ್ನು ತಂಗಿ ಎನ್ನುತ್ತಿದ್ದುದರಿಂದ ನನಗೆ ಮಾವ. ನಲವತ್ತು ವರ್ಷ ಬರಿಗಾಲಲ್ಲಿ ಕುರಿ ಹಿಂದೆ ನಡೆದವನು, ಮೇಯಿಸುವ ಜಾಗಕ್ಕೆಲ್ಲ ಕಾಂಪೌಂಡ್ ಎದ್ದ ಮೇಲೆ ಕಾರ್ಖಾನೆಯೊಂದರಲ್ಲಿ ಹೆಲ್ಪರ್ ಆಗಿ ಸೇರಿದ್ದ. ಕುರಿ ಬಿಟ್ಟರೂ ಎಣಿಸುವ ಅಭ್ಯಾಸ ಬಿಡಲಿಲ್ಲ. ಬಸ್ಸು ಹೊರಡುವ ಮುಂಚೆ ತಲೆ ಎಣಿಸಿ, "ಒಬ್ಬ ಕಮ್ಮಿ ಅವ್ನೆ, ತಡಿಯಪ್ಪಾ" ಎಂದು ಡ್ರೈವರನ್ನೇ ನಿಲ್ಲಿಸುತ್ತಿದ್ದ.

ನಾನು ಆಗ ಕನಕಪುರದಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಯಾರು ಏನು ಹೇಳಿದರೂ ಪುರಾವೆ ಕೇಳುವ ಚಟ ಹತ್ತಿತ್ತು. ಮಾವ ನನ್ನನ್ನು 'ಲಾಯ್ರು' ಎಂದೇ ಕರೆಯುತ್ತಿದ್ದ. ಅವನದು ದಿನಕ್ಕೆ ಎಂಟು ಗಂಟೆ ಮಿಷನ್ ಪಕ್ಕ ನಿಲ್ಲುವ ಕೆಲಸ. ಇನ್ನೊಂದು ಸಲ ಶೂ ಬಿಚ್ಚಿ ಕೂತರೆ ನಾಳೆಯಿಂದ ಬರಬೇಡ ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು.

"ಎರಡು ಬೆರಳ್ಗೆ ಕರೆಂಟ್ ಹೊಡ್ದಂಗಾಯ್ತದೆ ಲಾಯ್ರೇ, ಉರಿ. ಬಿಚ್ಚಿ ಒಸಿ ತಿಕ್ಕುದ್ರೆ ಹೋಯ್ತದೆ."

"ಶೂ ಬಿಚ್ಚಿದ ತಕ್ಷಣ ಹೋಗೋದು ಎಂಥ ನೋವು ಮಾವ? ನಿಂಗೆ ಕೆಲ್ಸ ಬ್ಯಾಡ, ಅಷ್ಟೇ. ಎಕ್ಸ್‌ರೇ ತೆಗ್ಸಾನ. ಏನಾರ ಕಂಡ್ರೆ ನಾನ್ ಸೋತೆ. ಕಾಣ್ನಿಲ್ಲ ಅಂದ್ರೆ?"

"ಕಾಣ್ನಿಲ್ಲ ಅಂದ್ರೆ ಉಸುರೆತ್ತಾಕಿಲ್ಲ, ಬುಡು."

ಕಾಣಲಿಲ್ಲ. ಫಿಲ್ಮನ್ನು ಕಿಟಕಿಗೆ ಹಿಡಿದು ಒಂದೊಂದೇ ಮೂಳೆ ತೋರಿಸಿದೆ. ಮಾವ ಆಸಕ್ತಿಯಿಂದ ನೋಡಿ, "ಎಲ್ಲಾ ನೆಟ್ಗೇ ಅವೆ" ಎಂದ. ಮರುದಿನದಿಂದ ಮೋರಿಕಟ್ಟೆಯ ಮೇಲೆ ಕೂರಲಿಲ್ಲ. ನೋವು ಬರೀ ಮನಸ್ಸಿನದು, ತರ್ಕಕ್ಕೆ ಹೆದರಿ ಓಡಿತು ಎಂದುಕೊಂಡೆ. ಕಾಲೇಜಿನ ಒಂದು ಚರ್ಚೆಯಲ್ಲಿ ಇದನ್ನೇ ಉದಾಹರಣೆ ಕೊಟ್ಟು ಚಪ್ಪಾಳೆಯನ್ನೂ ಗಿಟ್ಟಿಸಿದೆ.

ಎರಡು ತಿಂಗಳಾದ ಮೇಲೆ ಒಂದು ದಿನ ಬಸ್ಸಿನಿಂದ ಎಲ್ಲರಿಗಿಂತ ಕೊನೆಗೆ ಇಳಿದ. ಶೂ ಕಂಕುಳಲ್ಲಿತ್ತು. ಬರೀ ಹಿಮ್ಮಡಿ ಊರಿಕೊಂಡು ಬರುತ್ತಿದ್ದ.

"ಕೆಸ್ರಾದಾತು ಅಂತ ಬಿಚ್ಚುದೆ."

"ಏಪ್ರಿಲ್‌ನಾಗೆ ಕೆಸ್ರಾ ಮಾವ?"

ಮಾವ ಶೂವನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ. ಮರುದಿನವೇ ರಾಮನಗರಕ್ಕೆ ಕರೆದುಕೊಂಡು ಹೋದೆ.

ಅಲ್ಲಿನ ವಯಸ್ಸಾದ ಡಾಕ್ಟರಮ್ಮ ನಾನು ತಂದಿದ್ದ ಎಕ್ಸ್‌ರೇ ಕಡೆ ತಿರುಗಿಯೂ ನೋಡಲಿಲ್ಲ. ಪಾದದ ಮುಂಭಾಗವನ್ನು ಎರಡೂ ಕಡೆಯಿಂದ ಅದುಮಿ ಹಿಡಿದು, ಮೂರನೇ ನಾಲ್ಕನೇ ಬೆರಳಿನ ನಡುವೆ ಅಡಿಯಿಂದ ಹೆಬ್ಬೆಟ್ಟು ಒತ್ತಿದರು.

"ಅಯ್ಯಪ್ಪಾ! ಅದೇ ಕಲ್ಲು!"

"ಇದು ನರ. ನರ ಎಕ್ಸ್‌ರೇಲಿ ಕಾಣಲ್ಲ. ಶೂ ಒತ್ತಿ ಒತ್ತಿ ಸುತ್ತ ದಪ್ಪ ಆಗಿದೆ. ಎಷ್ಟು ನಂಬರ್ ಹಾಕ್ತೀರಿ?"

"ಏಳು."

"ಅಳತೆ ತಗೊಂಡಿದ್ದು ಯಾರು?"

"ಯಾರೂ ಇಲ್ಲ ಕಣವ್ವ. ಕಾರ್ಖಾನೆ ಸ್ಟೋರ್ನಾಗೆ ಸಾಲು ನಿಲ್ಸಿದ್ರು. ಮುಂದ್ಲೋನು ಏಳು ಅಂದ, ನಾನೂ ಏಳು ಅಂದೆ. ಅದ್ಕೂ ಮುಂಚೆ ಶೂ ಎಲ್ಲಿ ಮೆಟ್ಟಿದ್ದೆ?"

ಅವರು ಕಾಗದದ ಮೇಲೆ ಅವನನ್ನು ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದರು. ಮೇಲೆ ಶೂ ಇಟ್ಟರು. ಎರಡೂ ಪಕ್ಕದಲ್ಲಿ ಗೆರೆ ಹೊರಗೇ ಉಳಿಯಿತು. ಮುಂದೆ ಅಗಲವಿರುವ ಶೂ, ಒಳಗೆ ಬೆರಳ ಬುಡದ ದಿಂಡಿಗಿಂತ ಸ್ವಲ್ಪ ಹಿಂದೆ ಒಂದು ಮೆತ್ತೆ ಬೇಕೆಂದು ಆ ಕಾಗದದ ಮೇಲೇ ಬರೆದುಕೊಟ್ಟರು. ಕಡಿಮೆಯಾಗಲು ತಿಂಗಳುಗಳು ಹಿಡಿಯಬಹುದು, ಆಗದಿದ್ದರೆ ಇಂಜೆಕ್ಷನ್ ನೋಡೋಣ ಎಂದರು.

ಆ ಕಾಗದ ಹಿಡಿದು ಕಾರ್ಖಾನೆಗೆ ಹೋದೆ, ವಾದ ಸಿದ್ಧಮಾಡಿಕೊಂಡೇ. ಸೂಪರ್‌ವೈಸರ್ ಕಾಗದ ನೋಡಿದ, ಶೂ ನೋಡಿದ, ಸ್ಟೋರಿನವನನ್ನು ಕೂಗಿ ಅಗಲದ ಶೂ ಕೊಡಲು ಹೇಳಿದ. ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ದೀಪಾವಳಿ ಹೊತ್ತಿಗೆ ಉರಿ ಬಹುಮಟ್ಟಿಗೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಕೆಲಸ ಉಳಿಯಿತು.

ಎಷ್ಟೋ ವರ್ಷದ ನಂತರ, ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಮಾವ ಸೋಲೂರಿನ ಮಗಳ ಮನೆ ಸೇರಿದ. ನಾನು ಅಲ್ಲಿಗೆ ಹೋದದ್ದು ಒಂದೇ ಸಲ. ಅದಾಗಿ ಸ್ವಲ್ಪ ದಿನಕ್ಕೇ ತೀರಿಕೊಂಡ. ಅವತ್ತು ತೆಂಗಿನ ಮರದ ನೆರಳಲ್ಲಿ ಕೂತು, ವರ್ಷಗಟ್ಟಲೆ ಕೇಳದೆ ಉಳಿದದ್ದನ್ನು ಕೇಳಿದೆ: "ಆ ಎರಡು ತಿಂಗ್ಳು ಯಾಕ್ ಮಾವ ಒಂದ್ ಮಾತೂ ಆಡ್ನಿಲ್ಲ? ಕೊಟ್ಟ ಮಾತಿಗಾ?"

"ಮಾತಿಗಲ್ಲ ಕಣ್ಲಾ" ಎಂದ ಮಾವ, ಸಿಟ್ಟೇನೂ ಇಲ್ಲದೆ. "ನೀನು ಅಷ್ಟು ಚೆಂದಾಗಿ ಬುಡ್ಸಿ ಹೇಳ್ದಲ್ಲ, ನನ್ ಕಾಲೇ ಸುಳ್ ಹೇಳ್ತಾ ಐತೆ ಅನ್ಕಂಡೆ."