ನಂಬರ್ ಬಿದ್ದ ಮರಗಳು

ಆಯಿಲ್ ಪೇಂಟಿನ ವಾಸನೆ ಬಂದರೆ ನನಗೆ ಹುಣಸೆಹಣ್ಣು ನೆನಪಾಗುತ್ತದೆ. ಹೀಗೆಂದರೆ ಮನೆಯವರು ನಗುತ್ತಾರೆ. ಹೋದ ವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ, ನಾನು ಹುಟ್ಟುವುದಕ್ಕೂ ಮೊದಲಿನಿಂದ ನಿಂತಿರುವ ಹೊಂಗೆಮರದ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಒಂದು ನಂಬರ್ ಬರೆದಿದ್ದರು. ಬಣ್ಣ ಇನ್ನೂ ಹಸಿಯಾಗಿತ್ತು. ಮೈಯೆಲ್ಲ ಉರಿದುಹೋಯಿತು. ಬೀದಿಯ ತುದಿಯಲ್ಲಿ ಇಬ್ಬರು ಡಬ್ಬಿ, ಬ್ರಷ್ಷು ಹಿಡಿದುಕೊಂಡು ಇನ್ನೊಂದು ಮರದ ಹತ್ತಿರ ನಿಂತಿದ್ದರು. ಅವರ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಹುಣಸೆಹಣ್ಣಿನಮ್ಮನ ವಿಷಯ ಹೇಳಬೇಕು.

ಆ ಹೆಸರಿಟ್ಟವರು ಬೀದಿಯ ಮಕ್ಕಳಾದ ನಾವೇ. ನಮ್ಮ ಮನೆಯಿಂದ ಮೂರು ಮನೆ ಆಚೆ, ಬೀದಿಗೆ ತೆರೆದ ಮುಂಗೋಣೆಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ತಕ್ಕಡಿ, ಒಂದು ಮಣೆ, ಗೋಡೆಯ ತನಕ ಪೇರಿಸಿದ ಹುಣಸೆಹಣ್ಣಿನ ಚೀಲಗಳು, ಅಷ್ಟೇ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹುಳಿಗೆ ಕಪ್ಪಾಗಿಹೋದ ಬೆರಳುಗಳು. ಗಂಡ ತೀರಿಕೊಂಡ ಮೇಲೆ ವ್ಯಾಪಾರವನ್ನು ಇವರೇ ಹಿಡಿದಿದ್ದರು. ಹೆಚ್ಚಿನ ಮಾಲು ಕೃಷ್ಣರಾಜ ಮಾರುಕಟ್ಟೆಯ ಮಂಡಿಗೆ ಹೋಗುತ್ತಿತ್ತು, ಒಳ್ಳೆಯದು ಮಾತ್ರ ಬೀದಿಯ ಮನೆಗಳಿಗೆ. ಯುಗಾದಿ ಕಳೆದ ಮೇಲೆ ಸುತ್ತಲಿನ ಹೆಂಗಸರೆಲ್ಲ ಅಲ್ಲಿ ಕುಳಿತು ನಾರು ಬಿಡಿಸಿ, ಬೀಜ ತೆಗೆದು, ಉಪ್ಪು ಹಾಕಿ ಉಂಡೆ ಕಟ್ಟುತ್ತಿದ್ದರು. ನಮಗೆ ಬೆಲ್ಲ, ಜೀರಿಗೆ ಸೇರಿಸಿ ಕುಟ್ಟಿದ ಚಿಗಳಿಯನ್ನು ಪೊರಕೆಕಡ್ಡಿಗೆ ಸಿಕ್ಕಿಸಿ ಕೊಡುತ್ತಿದ್ದರು. ಮಾರಿ ಉಳಿದ ಬೀಜವನ್ನು ಹಿತ್ತಿಲಿನ ಗಲ್ಲಿಗೆ ಸುರಿಯುತ್ತಿದ್ದರು ಎಂಬುದೊಂದೇ ನಮ್ಮ ಅಮ್ಮನಿಗೆ ಅವರ ಮೇಲಿದ್ದ ದೂರು.

ಆ ಹಣ್ಣು ಯಾರದೋ ತೋಟದ್ದಲ್ಲ, ರಸ್ತೆಯದು. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ಆಗ ಸಾಲುಮರಗಳಿದ್ದವು. ತುಮಕೂರು ದಾಟಿದ ಮೇಲಂತೂ ಹುಣಸೆಯೇ ಹುಣಸೆ. ಮರ ಸರ್ಕಾರದ್ದು, ಹಣ್ಣು ಮಾತ್ರ ವರ್ಷ ವರ್ಷ ಹರಾಜಿಗೆ. ಸಿರಾದ ಆಚೀಚೆಯ ಸಾಲನ್ನು ಹುಣಸೆಹಣ್ಣಿನಮ್ಮ ಹಿಡಿಯುತ್ತಿದ್ದರು. ಅವರ ತವರು ಅದೇ ಕಡೆ. ಮರ ಬಡಿಸಿ ಲಾರಿಗೆ ತುಂಬಿಸುವ ಕೆಲಸ ಅಲ್ಲಿದ್ದ ತಮ್ಮನದು.

ಆ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ ನಾಲ್ಕು ಎಂಬ ಹೆಸರಿತ್ತು. ಈಗ ಅದು ನಲವತ್ತೆಂಟು ಆಗಿದೆಯಂತೆ, ಏಕೆ ಎಂದು ಕೇಳಬೇಡಿ. ನೆಲಮಂಗಲ, ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರದ ಹೊಳೆ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಆಮೇಲೆ ನಿಪ್ಪಾಣಿ ದಾಟಿದರೆ ರಾಜ್ಯ ಮುಗಿಯಿತು. ನಾವು ಶಾಲೆಯಲ್ಲಿ ಹೀಗೆ ಬಾಯಿಪಾಠ ಮಾಡಿದ್ದೆವು. ಹುಣಸೆಹಣ್ಣಿನಮ್ಮ ಅದನ್ನು ಪೂನಾ ರೋಡು ಎನ್ನುತ್ತಿದ್ದರು. ಅವರ ಪೂನಾ ರೋಡು ಹಿರಿಯೂರಿಗೇ ಮುಗಿಯುತ್ತಿತ್ತು. ಅಲ್ಲಿಂದಾಚೆ ಬೇರೆಯವರ ಹರಾಜು. ತುಮಕೂರು ಹತ್ತಿರದ ಹಣ್ಣು ಸಾರಿಗೆ, ಸಿರಾ ದಾಟಿದರೆ ಪುಳಿಯೋಗರೆ ಗೊಜ್ಜಿಗೆ ಎಂದು ನಮ್ಮ ಅಮ್ಮನಿಗೆ ಹೇಳಿ ತೂಗುತ್ತಿದ್ದರು. ನಮ್ಮ ಮನೆಯಲ್ಲಿ ಭೂಗೋಳ ಒಲೆಯ ಮೇಲೆ ಕುದಿಯುತ್ತಿತ್ತು.

ಸಿರಾ ಒಂದು ಕಾಲಕ್ಕೆ ಸುಬೇದಾರರ ಊರು. ಮೊಗಲರ ದಂಡು, ಮರಾಠರ ದಂಡು, ಹೈದರನ ದಂಡು, ಇಂಗ್ಲಿಷರದು, ಎಲ್ಲವೂ ಆ ಸೀಮೆಯನ್ನು ತುಳಿದುಕೊಂಡೇ ಹೋದವು. ಮರಗಳನ್ನು ಯಾರು ನೆಟ್ಟರು ಎಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಕತೆ. ಮಹಾರಾಜರ ಕಾಲದವರು ಎಂದು ಕೆಲವರು, ಅದಕ್ಕೂ ಹಿಂದಿನವರು ಎಂದು ಕೆಲವರು. ಒಮ್ಮೆ ಇದನ್ನು ಕೇಳಿದಾಗ ಹುಣಸೆಹಣ್ಣಿನಮ್ಮ ನಾರು ಬಿಡಿಸುತ್ತಲೇ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ದಂಡು ಹೋದ ದಾರಿ ಕಣವ್ವ ಅದು. ಗೆದ್ದೋರೂ ಹೋದ್ರು, ಸೋತೋರೂ ಹೋದ್ರು. ನೆಟ್ಟೋನು ಮಾತ್ರ ಉಳ್ಕೊಂಡ.”

ಹರಾಜಿಗೆ ಮೊದಲು ಇಲಾಖೆಯವರು ಪ್ರತಿ ಮರಕ್ಕೂ ಸುಣ್ಣದ ಪಟ್ಟೆ ಬಳಿದು ನಂಬರ್ ಹಾಕುತ್ತಿದ್ದರು. ನಂಬರ್ ಇಲ್ಲದ ಮರದ ಹಣ್ಣು ಹರಾಜಿಗೆ ಸೇರದು. ಅದು ತಮ್ಮದು ಎಂದು ಹೊಲದವರು ಜಗಳಕ್ಕೆ ಬರುತ್ತಿದ್ದರು. ಆದ್ದರಿಂದ ಹುಣಸೆಹಣ್ಣಿನಮ್ಮ ಆ ಹೊತ್ತಿಗೆ ಸಿರಾಕ್ಕೆ ಬಸ್ಸು ಹಿಡಿದು ಹೋಗಿ, ಬಣ್ಣದವರ ಜೊತೆ ನಡೆದು, ತಪ್ಪಿಹೋದ ಮರಗಳನ್ನು ಕರೆದು ತೋರಿಸಿ ಬರುತ್ತಿದ್ದರು. ಹಿಂದಿರುಗಿದ ದಿನ ನಮ್ಮ ಬಾಗಿಲಲ್ಲಿ ನಿಂತು “ನಂಬರ್ ಬಿತ್ತು” ಎನ್ನುವರು. ನಮ್ಮ ಬೀದಿಯಲ್ಲಿ ಅದು ಹಬ್ಬದ ಮಾತಾಗಿತ್ತು. ನಂಬರ್ ಬಿತ್ತು ಎಂದರೆ ಹಣ್ಣು ಬಂತು, ಚಿಗಳಿ ಬಂತು, ಪರೀಕ್ಷೆ ಮುಗಿದು ರಜೆಯೂ ಬಂತು. ನಮ್ಮ ಬೀದಿಯವರೇ ಆದ ನನ್ನ ಅತ್ತಿಗೆಗೆ ಗಂಡು ಗೊತ್ತಾದಾಗಲೂ ಅವರ ತಂದೆ “ಅಂತೂ ನಂಬರ್ ಬಿತ್ತು” ಎಂದು ನಕ್ಕಿದ್ದರಂತೆ.

ನನಗೆ ಕೆಲಸ ಸಿಕ್ಕಿದ ಹೊಸತರಲ್ಲಿ ಒಂದು ರಜೆಯ ದಿನ ಅವರ ಜೊತೆ ನಾನೂ ಹೋದೆ. ವರ್ಷ ವರ್ಷ ಕರೆಯುತ್ತಿದ್ದರು, ಅದೇ ವರ್ಷ ಹೊರಟದ್ದು ನನ್ನ ಗ್ರಹಚಾರ. ಸಿರಾ ಬಿಟ್ಟು ಸ್ವಲ್ಪ ಮುಂದೆ ಇಳಿದೆವು. ಬಿಸಿಲು ಏರಿತ್ತು, ಆದರೆ ಟಾರಿನ ಮೇಲೆ ಎರಡು ಬದಿಯ ಕೊಂಬೆಗಳು ಕೂಡಿಕೊಂಡು ಚಪ್ಪರ ಹಾಕಿದ ಹಾಗಿತ್ತು. ಲಾರಿಗಳು ನೆರಳಲ್ಲಿ ನಿಂತಿದ್ದವು, ಕ್ಲೀನರುಗಳು ಕೆಳಗೆ ಮಲಗಿದ್ದರು. ಹುಣಸೆಹಣ್ಣಿನಮ್ಮನ ನಡಿಗೆಯೇ ಬೇರೆಯಾಯಿತು. ಚಾಮರಾಜಪೇಟೆಯಲ್ಲಿ ಮಂಡಿನೋವು ಎಂದು ಮಣೆ ಬಿಟ್ಟು ಏಳದವರು ಅಲ್ಲಿ ನನ್ನನ್ನು ಹಿಂದೆ ಹಾಕಿದರು. ಹಾಸ್ಯ ಮಾಡಿದ್ದಕ್ಕೆ, ಮರ ಮುಪ್ಪಾದರೆ ಹುಳಿ ಮುಪ್ಪೇ ಎಂದು ಗಾದೆಯನ್ನೇ ನನ್ನ ಮುಖಕ್ಕೆ ಎಸೆದರು.

ಬಣ್ಣದವರು ಸಿಕ್ಕಿದರು. ಮೂವರು, ಎಲ್ಲರೂ ಹೊಸಬರು. ಸುಣ್ಣದ ಬಕೆಟ್ಟಿಲ್ಲ, ಕೆಂಪು ಆಯಿಲ್ ಪೇಂಟಿನ ಡಬ್ಬಿ. ಅದನ್ನು ಕಂಡು ಹುಣಸೆಹಣ್ಣಿನಮ್ಮನಿಗೆ ಎಷ್ಟು ಸಂತೋಷವಾಯಿತು ಎಂದರೆ… ಸುಣ್ಣ ಒಂದು ಮಳೆಗೆ ತೊಳೆದುಹೋಗುತ್ತದೆ ಎಂದು ಕಚೇರಿಯಲ್ಲಿ ಎಷ್ಟೋ ಸಲ ಗೋಗರೆದಿದ್ದರಂತೆ. ಕೊನೆಗೂ ಇಲಾಖೆಗೆ ಬುದ್ಧಿ ಬಂತು ಎಂದರು. ನಮಗೆಂದು ತಂದಿದ್ದ ಚಿತ್ರಾನ್ನವನ್ನು ಬಿಚ್ಚಿ ಅವರಿಗೆ ಬಡಿಸಿದರು, ಮಜ್ಜಿಗೆ ಕೊಟ್ಟರು. ಆಮೇಲೆ ಎಂದಿನಂತೆ ಜೊತೆಯಲ್ಲಿ ನಡೆದರು. ಇಲ್ಲೊಂದು ಬಿಟ್ಟಿದ್ದೀರಿ ನೋಡಿ, ಆ ಪೊದೆಯ ಹಿಂದೊಂದಿದೆ ನೋಡಿ ಎಂದು ತೋರಿಸುತ್ತ ಹೋದರು.

ಒಂದು ಕಡೆ ಬಣ್ಣದವರು ಬೇವಿನಮರಕ್ಕೂ ನಂಬರ್ ಹಾಕಿದರು. ಹುಣಸೆಹಣ್ಣಿನಮ್ಮ ನಕ್ಕು, ಬೇವನ್ನು ಯಾರಪ್ಪಾ ಹರಾಜು ಕೂಗುತ್ತಾರೆ ಎಂದು ಕೇಳಿದರು. ಹುಡುಗನೊಬ್ಬ ಬ್ರಷ್ಷು ಒರೆಸುತ್ತ ಹೇಳಿದ: “ಗೊತ್ತಿಲ್ಲಮ್ಮಾ. ನಂಬರ್ ಹಾಕಿ ಅಂದ್ರು, ಹಾಕ್ತಿದೀವಿ.” ಯಾವನೋ ಹೊಸ ಸಾಹೇಬನಿಗೆ ಹುಣಸೆಗೂ ಬೇವಿಗೂ ವ್ಯತ್ಯಾಸ ತಿಳಿಯದು ಎಂದುಕೊಂಡು ಇಬ್ಬರೂ ನಕ್ಕೆವು.

ಬಸ್ಸಿಗೆ ಹೊರಡುವ ಹೊತ್ತಿಗೆ ಅವರಿಗೆ ಮಂಟಪದ ಮರ ನೆನಪಾಯಿತು. ರಸ್ತೆಯಿಂದ ಸ್ವಲ್ಪ ಒಳಗೆ, ಮುರಿದ ಕಲ್ಲುಮಂಟಪವೊಂದರ ಹಿಂದೆ ಇದ್ದ ಹಳೆಯ ಮರ. ಅದರ ಹಣ್ಣಿಗೆ ಹುಳಿಯ ಜೊತೆ ಸಿಹಿಯೂ ಇರುತ್ತಿತ್ತು. ನಮ್ಮ ಚಿಗಳಿಗೆಲ್ಲ ಅದೇ. ಬಣ್ಣದವರು ಅದನ್ನು ನೋಡದೆ ಬಹಳ ಮುಂದೆ ಹೋಗಿಬಿಟ್ಟಿದ್ದರು. ಹುಣಸೆಹಣ್ಣಿನಮ್ಮ ಬಿಸಿಲಲ್ಲಿ ಓಡಿದರು. ಚಪ್ಪಾಳೆ ತಟ್ಟಿ, ಕೂಗಿ, ಆ ಹುಡುಗನನ್ನು ಕರೆತಂದು ಮಂಟಪದ ಮರಕ್ಕೂ ನಂಬರ್ ಹಾಕಿಸಿದರು. ಸಂಜೆ ಮನೆಗೆ ಬಂದು ಎಲ್ಲರ ಬಾಗಿಲಲ್ಲೂ “ನಂಬರ್ ಬಿತ್ತು” ಎಂದರು.

ಆ ವರ್ಷ ಹರಾಜು ನಡೆಯಲಿಲ್ಲ. ಇವತ್ತು, ನಾಳೆ ಎಂದು ಕಾದದ್ದೇ ಬಂತು. ಒಂದು ದಿನ ಹುಣಸೆಹಣ್ಣಿನಮ್ಮನ ತಮ್ಮ ಸಿರಾದಿಂದ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಕೊಂಡ. ರಸ್ತೆಯನ್ನು ಅಗಲ ಮಾಡುತ್ತಾರಂತೆ, ನಂಬರ್ ಬಿದ್ದ ಮರಗಳನ್ನೆಲ್ಲ ಕೆಡವುತ್ತಿದ್ದಾರೆ ಎಂದ. ಹುಣಸೆಹಣ್ಣಿನಮ್ಮ ಕೇಳಿದ್ದು ಒಂದೇ, ಮಂಟಪದ ಮರ ಏನಾಯಿತು ಎಂದು. ರಸ್ತೆ ಅಷ್ಟು ದೂರಕ್ಕೆ ಬರುವುದಿಲ್ಲ, ಆದರೂ ನಂಬರ್ ಇತ್ತಲ್ಲ, ಕಡಿದರು ಎಂದ.

ರಸ್ತೆಗೆ ಅಡ್ಡವಿದ್ದ ಮರವನ್ನು ಕಡಿದರೆ ಅಭಿವೃದ್ಧಿ ಎನ್ನಬಹುದು. ರಸ್ತೆಗೇ ಬಾರದ ಮರವನ್ನು, ನಂಬರ್ ಇದೆ ಎಂಬ ಒಂದೇ ಕಾರಣಕ್ಕೆ ಉರುಳಿಸಿದವರನ್ನು ಏನೆನ್ನಬೇಕು? ಮರ ಕಡಿಯುವವರು ಒಂದು ಮಾತು ಮೊದಲೇ ಹೇಳಬಾರದಿತ್ತೇ? ತಲೆಮಾರಿನಿಂದ ಹಣ್ಣು ಹಿಡಿಯುತ್ತಿದ್ದವರಿಗೆ, ಈ ಸಲದ ನಂಬರ್ ಹಣ್ಣಿಗಲ್ಲ ಕೊಡಲಿಗೆ ಎಂದು ತಿಳಿಸಲು ಯಾರ ಗಂಟು ಹೋಗುತ್ತಿತ್ತು? ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಿಳಿದವರು ಯಾರೂ ಬಣ್ಣದ ಡಬ್ಬಿ ಹಿಡಿದು ಬರುವುದಿಲ್ಲ, ಅದೇ ನನ್ನ ಸಿಟ್ಟು.

ಹುಣಸೆಹಣ್ಣಿನಮ್ಮ ತುಮಕೂರಿನ ಹೆದ್ದಾರಿ ಕಚೇರಿಗೆ ಹೋದರು. ಜೊತೆಗೆ ನಾನೂ ಇದ್ದೆ. ಜಮೀನು ಹೋದವರಿಗೆ ಪರಿಹಾರ, ಕಟ್ಟಡ ಹೋದವರಿಗೆ ಪರಿಹಾರ. ಹಣ್ಣಿನವರು ಯಾವ ಲೆಕ್ಕಕ್ಕೂ ಇಲ್ಲ. ಮೇಜಿನ ಹಿಂದಿನವರು ಕೆಟ್ಟವರೇನೂ ಅಲ್ಲ, ಕುರ್ಚಿ ಕೊಟ್ಟೇ ಮಾತಾಡಿದರು. “ಮರ ನಿಮ್ದಲ್ಲವಲ್ಲಮ್ಮಾ” ಎಂದರು.

“ನಂದಲ್ಲ ಕಣಪ್ಪಾ,” ಎಂದರು ಹುಣಸೆಹಣ್ಣಿನಮ್ಮ. “ನಿಂದಾ?”

ಮೇಜಿನ ಹಿಂದಿನವರು ಕಾಗದದ ಮೇಲೆ ಕಣ್ಣಿಟ್ಟರು. ನಾವು ಎದ್ದು ಬಂದೆವು. ಬಸ್ಸಿನಲ್ಲಿ ಹುಣಸೆಹಣ್ಣಿನಮ್ಮ ಕಿಟಕಿಯ ಕಡೆ ಕೂರಲಿಲ್ಲ. ನೆಲಮಂಗಲ ದಾಟಿದ ಮೇಲೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು: “ಅವ್ರು ಬಿಟ್ಟು ಹೋಗಿದ್ರು ಕಣವ್ವ. ನಾನೇ ಕರ್ದು ತೋರಿಸ್ದೆ.”

ಆಮೇಲೆಯೂ ಅಂಗಡಿ ಕೆಲವು ಕಾಲ ನಡೆಯಿತು, ಬೇರೆ ಕಡೆಯಿಂದ ಬಂದ ಹಣ್ಣಿನಲ್ಲಿ. ಚಿಗಳಿ ಮಾಡುವುದನ್ನು ಮಾತ್ರ ನಿಲ್ಲಿಸಿಬಿಟ್ಟರು. ತವರಿಗೆ ಹೋಗುವುದೂ ನಿಂತಿತು. ತಮ್ಮನ ಮಗನ ಮದುವೆಗೆ ಹೋಗಲೇಬೇಕಾಗಿ ಬಂದಾಗ ಆ ರಸ್ತೆ ಬೇಡವೆಂದು ತುಮಕೂರಿನ ತನಕ ರೈಲಿನಲ್ಲಿ ಹೋದರು. ಅಲ್ಲಿಂದ ಮುಂದೆ ಕಾರಿನಲ್ಲಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರಂತೆ. ಬೀದಿಯಲ್ಲಿ ಯಾರಾದರೂ ಅಭ್ಯಾಸಬಲದಿಂದ “ನಂಬರ್ ಬಿತ್ತು” ಎಂದರೆ ಸಾಕು, ಎದ್ದು ಒಳಗೆ ಹೋಗುವರು. ಕ್ರಮೇಣ ಬೀದಿಯೇ ಆ ಮಾತನ್ನು ಮರೆಯಿತು. ಒಂದು ಕಾರ್ತಿಕದಲ್ಲಿ ಅವರೂ… ಕೊನೆಯ ದಿನಗಳಲ್ಲಿ ನಾರು ಬಿಡಿಸುವವರ ಹಾಗೆ ಬೆರಳುಗಳು ಹೊದಿಕೆಯ ಅಂಚನ್ನು ಎಳೆಯುತ್ತಿದ್ದವು.

ಈಗ ಆ ರಸ್ತೆಯಲ್ಲಿ ಹೋದವರೆಲ್ಲ ಬೆಣ್ಣೆಯಂಥ ರಸ್ತೆ ಎಂದು ಹೊಗಳುತ್ತಾರೆ. ಬೆಣ್ಣೆಯೇ ಸರಿ, ಬಿಸಿಲಿಗೆ ಕರಗುವುದು ನಾವು. ತುಮಕೂರು ಬಂದದ್ದೂ ತಿಳಿಯದು, ಸಿರಾ ಹೋದದ್ದೂ ತಿಳಿಯದು. ಊರುಗಳೆಲ್ಲ ಹಸಿರು ಬೋರ್ಡಿನ ಮೇಲಿನ ಬಾಣಗಳಾಗಿವೆ. ಟೋಲ್ ಕಟ್ಟಲು ನಿಂತರೆ ಒಂದು ಅಂಗೈ ಅಗಲ ನೆರಳಿಲ್ಲ. ನಡುವೆ ಕಣಗಿಲೆ ಗಿಡ ನೆಟ್ಟು ಹಸಿರು ಹೆದ್ದಾರಿ ಎಂದು ಬರೆಸಿದ್ದಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಅದೂ ಕಣಗಿಲೆಯ ಬಾಗಿಲು.

ಹೋದ ವಾರದ ಆ ಇಬ್ಬರ ಹತ್ತಿರ ನಾನು ಹೋದೆ. ಹೊಂಗೆಮರಕ್ಕೆ ನಂಬರ್ ಯಾಕೆ ಎಂದು ಕೇಳಿದೆ. ದನಿ ಸ್ವಲ್ಪ ಏರಿದ್ದಿರಬೇಕು, ಎದುರು ಮನೆಯವರು ಕಿಟಕಿ ತೆರೆದರು.

“ಗೊತ್ತಿಲ್ಲ ಮೇಡಂ,” ಎಂದ ಒಬ್ಬ. “ನಂಬರ್ ಹಾಕಿ ಅಂದಿದಾರೆ, ಹಾಕ್ತಿದೀವಿ.”

ಸರ್ವೆಯೋ, ರಸ್ತೆಯೋ, ಚರಂಡಿಯೋ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಂದಿನಿಂದ ನಾನು ಫೋನ್ ಮಾಡದ ಕಚೇರಿಯಿಲ್ಲ, ಸರಿಯಾದ ಉತ್ತರ ಕೊಟ್ಟ ಕಚೇರಿಯೂ ಇಲ್ಲ. ಅವತ್ತು ಅವನು ಕುಡಿಯಲು ನೀರು ಕೇಳಿದ. ತಂದುಕೊಟ್ಟೆ. ಲೋಟ ಹಿಂದಿರುಗಿಸುತ್ತ, ಹಿತ್ತಿಲ ಗಲ್ಲಿಯಲ್ಲಿ ಏನಾದರೂ ಮರ ಇದೆಯೇ ಎಂದು ವಿಚಾರಿಸಿದ.

ಇದೆ. ಹುಣಸೆಹಣ್ಣಿನಮ್ಮ ಬೀಜ ಸುರಿಯುತ್ತಿದ್ದ ಜಾಗದಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಎದ್ದ ಹುಣಸೆಮರ. ಈಗ ನಮ್ಮ ಮಹಡಿಗಿಂತ ಎತ್ತರಕ್ಕಿದೆ. ಅದು ಯಾವ ಮರದ ಬೀಜ ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ಹಣ್ಣು ಮಾತ್ರ ಸ್ವಲ್ಪ ಸಿಹಿ.

“ಇಲ್ಲಪ್ಪಾ,” ಎಂದೆ. “ಹಿಂದ್ಗಡೆ ಯಾವ ಮರಾನೂ ಇಲ್ಲ.”

ಅವರು ಡಬ್ಬಿ ಎತ್ತಿಕೊಂಡು ಮುಂದಿನ ಅಡ್ಡರಸ್ತೆಗೆ ಹೋದರು. ನಾನು ಹಿತ್ತಿಲ ಬಾಗಿಲು ತೆರೆದು ಗಲ್ಲಿಯಲ್ಲಿ ನಿಂತೆ. ಪೇಂಟಿನ ವಾಸನೆ ಅಲ್ಲಿಯ ತನಕ ಬಂದಿರಲಿಲ್ಲ. ಒಂದು ಮರ ಬಿಟ್ಟುಹೋಗಿದೆ ಅಮ್ಮಾ, ನಾನು ತೋರಿಸಲಿಲ್ಲ ಎಂದು ಹುಣಸೆಹಣ್ಣಿನಮ್ಮನಿಗೆ ಹೇಳಿಬರಬೇಕು ಎನ್ನಿಸಿತು. ಮೂರು ಮನೆ ಆಚೆ ಈಗ ಮೊಬೈಲ್ ಅಂಗಡಿಯಿದೆ.