ಮಸರಕಲ್ಲಣ್ಣನ ಹೆಸರು

ಪಕ್ಕದ ಮನೆಯವರು ಈಗಷ್ಟೇ ಎಣ್ಣೆಗೆ ಮಿರ್ಚಿ ಭಜಿ ಬಿಟ್ಟಿದ್ದಾರೆ. ಗೋಡೆ ದಾಟಿ ವಾಸನೆ ಬಂತು ನೋಡ್ರಿ, ಕೈಯಾಗಿನ ಕೆಲಸ ನಿಂತೇ ಹೋಯಿತು. ಕೆಲಸವೆಂದರೆ ದೊಡ್ಡದೇನಲ್ಲ, ನಾಳೆಗೆ ಬೇಕಾದ, ಸಿಮೆಂಟು ಬಳಿಯುವ ಕರಣಿ ತೊಳೆದು ಒರೆಸಿ ಇಡುವುದು. ಬೇರೆಯವರಿಗೆ ಈ ವಾಸನೆ ಬಂದರೆ ಹಸಿವಾಗುತ್ತದೆ. ನನಗೆ ಯಾರ ಜೊತೆಗಾದರೂ ವಾದ ಹಾಕಬೇಕು ಅನ್ನಿಸುತ್ತದೆ. ಯಾರ ಜೊತೆಗೆ ಅಂತ ಕೇಳುತ್ತೀರಿ. ಅದನ್ನೇ ಹೇಳಲು ಕೂತಿದ್ದೇನೆ, ಸ್ವಲ್ಪ ಪುರಸೊತ್ತು ಮಾಡಿಕೊಳ್ಳಿ.

ನಾನು ನೆಲಕ್ಕೆ ಫರ್ಶಿಕಲ್ಲು ಕೂಡಿಸುವ ಮೇಸ್ತ್ರಿ. ಐದನೇ ಕ್ಲಾಸಿಗೆ ಸಾಲಿ ಬಿಟ್ಟೆ. ಅದಕ್ಕೇನೂ ನಾಚಿಕೆಯಿಲ್ಲ. ಮುಂದಿನ ಓದನ್ನು ಗೋಡೆಯ ಮೇಲಿನ ಸಿನಿಮಾ ಪೋಸ್ಟರುಗಳೇ ಕಲಿಸಿದವು. ಒತ್ತಕ್ಷರದಲ್ಲಿ ತಪ್ಪಿದರೆ ಬಾರಕೋಲು ತೋರಿಸುವ ಮಾಸ್ತರರು ಅಲ್ಲಿ ಇರಲಿಲ್ಲ. ನನ್ನ ಕೆಲಸದ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಕೂಡಿಸಿದ ಫರ್ಶಿಯ ಮೇಲೆ ಒಂದು ಕೊಡ ನೀರು ಚೆಲ್ಲಿದರೆ, ಮೋರಿ ಯಾವ ಕಡೆ ಅಂತ ಆ ನೀರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೇಸ್ತ್ರಿ ಅನ್ನಿಸಿಕೊಂಡ ಮೇಲೆ ಒಂದು ಸುಖ ಹೋಯಿತು. ಎದುರು ಮಾತಾಡುವವರು ಇಲ್ಲವಾದರು. ಇವತ್ತು ಹೊತ್ತು ಪಡುವಣಕ್ಕೆ ಹುಟ್ಟಿತು ಅಂದರೂ ನನ್ನ ಕೈಕೆಳಗಿನವರು "ಹೌದ್ರೀ ಮೇಸ್ತ್ರಿ" ಅನ್ನುತ್ತಾರೆ. ಹೆಂಡತಿ ಇದ್ದಾಗ ಆ ಕೊರತೆ ಇರಲಿಲ್ಲ. ನಾನು ಹೌದು ಅಂದರೆ ಅಲ್ಲ ಅನ್ನುವುದನ್ನು ಆಕೆ ಒಂದು ವ್ರತದ ಹಾಗೆ ಪಾಲಿಸಿದಳು. ಆಕೆ ತೀರಿ ಹೋದಳು, ಮಗಳು ಗಂಡನ ಮನೆ ಸಿಂಧನೂರಿಗೆ ಹೋದಳು. ಆಮೇಲೆ ನಾನು ಹೇಳಿದ್ದೆಲ್ಲ ಗೋಡೆಗೆ ಬಡಿದು ನನ್ನ ಕಿವಿಗೇ ವಾಪಸು ಬರತೊಡಗಿತು.

ಹೀಗಿರುವಾಗ ರಾಯಚೂರಿನಲ್ಲಿ ಒಂದು ಸಭಾಂಗಣಕ್ಕೆ ಫರ್ಶಿ ಹಾಕುವ ಕೆಲಸ ಸಿಕ್ಕಿತು. ಕೆಲಸ ಮುಗಿದ ಮೇಲೆ ಅಲ್ಲಿನವರು, "ಮೇಸ್ತ್ರಿ, ತಿಂಗಳ ಕೊನೇ ಭಾನುವಾರ ಇಲ್ಲಿ ಸಿನಿಮಾದ ಮೇಲೆ ಮಾತು ಇರ್ತದ, ನೀವೂ ಬರ್ರಿ" ಅಂದರು. ಬಾಯಿಮಾತಿಗೆ ಅಂದಿರಬೇಕು, ನಾನು ಹೋಗಿಯೇ ಬಿಟ್ಟೆ. ಒಂದು ಸಿನಿಮಾ ಹೆಸರು ಮೊದಲೇ ಹೇಳಿರುತ್ತಾರೆ. ನಾವು ಎಲ್ಲಾದರೂ ನೋಡಿಕೊಂಡು ಬರಬೇಕು. ವೇದಿಕೆಯ ಮೇಲೆ ಅದರ ನಿರ್ದೇಶಕರೋ, ನಟರೋ ಬಂದು ಕೂತಿರುತ್ತಾರೆ. ಜನ ಮೈಕು ಹಿಡಿದು ಪ್ರಶ್ನೆ ಕೇಳುತ್ತಾರೆ, ಅವರು ಉತ್ತರ ಹೇಳುತ್ತಾರೆ. ಎಲ್ಲವೂ ಆ ಕ್ಷಣಕ್ಕೇ ಮೊಬೈಲಿನಲ್ಲಿ ಲೈವ್ ಹೋಗುತ್ತದೆ. ಮೊದಲನೆಯ ಸಲ ನಾನು ಸಿನಿಮಾದ ಮಾತು ಕೇಳಿದ್ದು ಕಡಿಮೆ. ಒಬ್ಬ ದೊಡ್ಡ ನಟರು ಮಾತಾಡುತ್ತಾ ಹಿಮ್ಮಡಿ ಕುಟ್ಟುತ್ತಿದ್ದರು, ಅವರ ಕಾಲಡಿಯ ನನ್ನ ಕಲ್ಲಿನ ಸಂದಿಗೆ ಸಿಮೆಂಟು ಸರಿಯಾಗಿ ಕೂತಿದೆಯೋ ಇಲ್ಲವೋ ಅಂತಲೇ ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

ಎರಡನೆಯ ಸಲ ಹೋದಾಗ ನನ್ನ ಮಗ್ಗುಲಿನ ಕುರ್ಚಿಯ ಮೇಲೆ ಒಂದು ಟುವಾಲು ಬಂದು ಬಿತ್ತು. ಹಿಂದೆಯೇ ಎತ್ತರದ ಆಳೊಬ್ಬರು ಬಂದರು, ಬಿಳಿ ಅಂಗಿ, ನನ್ನದೇ ವಾರಿಗೆ.

"ಇದು ಬಸ್ಸಲ್ರೀ, ಟುವಾಲು ಒಗದು ಸೀಟು ಹಿಡಿಯಾಕ," ಅಂದೆ.

"ಬಸ್ಸಾಗಿದ್ರ ನಿಮ್ಮನ್ನ ಎಬ್ಬಿಸಿ ಕಿಡಕಿ ಕಡೆ ಕುಂದರತಿದ್ದೆ," ಅಂದರು. ಕೂತರು. "ಯಾವೂರ್ರೀ?"

"ಮಾನ್ವಿ. ನಿಮ್ದು?"

"ಮಸರಕಲ್."

ಅಷ್ಟೇ ನೋಡ್ರಿ ಪರಿಚಯ. ನಮ್ಮ ಕಡೆ ಹೀಗೆಯೇ. ಊರು ಕೇಳುತ್ತೇವೆ, ಅಲ್ಲಿಗೆ ನಿಲ್ಲಿಸುತ್ತೇವೆ. ಹೆಸರು ಕೇಳಿದರೆ ಅಪ್ಪನ ಹೆಸರು ಕೇಳಬೇಕು, ಅಪ್ಪನ ಹೆಸರು ಕೇಳಿದರೆ ಯಾವ ಓಣಿ ಅನ್ನಬೇಕು, ಓಣಿ ಹೇಳಿದ ಮೇಲೆ ಉಳಿದದ್ದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕೂತ ಕುರ್ಚಿಯನ್ನು ಒಂದು ಗೇಣು ಆ ಕಡೆ ಸರಿಸುತ್ತಾರೆ. ಅದನ್ನು ಸಣ್ಣವನಿದ್ದಾಗಿನಿಂದ ಕಂಡವನು ನಾನು. ಹಾಗಾಗಿ ಊರಿನಷ್ಟಕ್ಕೇ ನಿಂತ ಗೆಳೆತನ ನನಗೂ ಹಿತವಾಗಿತ್ತು, ಬಹುಶಃ ಅವರಿಗೂ. ಅವರು ನನ್ನನ್ನು "ಮಾನ್ವಿ" ಅಂದರು, ನಾನು ಅವರನ್ನು "ಮಸರಕಲ್ಲಣ್ಣ" ಅಂದೆ. ಮೊಬೈಲ್ ನಂಬರು ಕೂಡ ಇಬ್ಬರೂ ಕೇಳಲಿಲ್ಲ. ನಂಬರು ತಗೊಂಡರೆ ಅದಕ್ಕೊಂದು ಹೆಸರು ಬರೆದುಕೊಳ್ಳಬೇಕಲ್ಲ!

ಅವತ್ತಿನ ಸಿನಿಮಾದಲ್ಲಿ ನಾಯಕ ಎಷ್ಟೋ ವರ್ಷದ ಮೇಲೆ ಊರಿಗೆ ಬಂದು, ತಾಯಿಯ ಸಮಾಧಿ ಮುಂದೆ ಬಿದ್ದು ಅಳುತ್ತಾನೆ. ಸಭೆಯೆಲ್ಲ ಅದನ್ನು ಹೊಗಳಿತು. ಕಾರ್ಯಕ್ರಮ ಮುಗಿದು ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿನ್ನುತ್ತಾ ನಾನೂ, "ಏನ್ ಅತ್ತಾನ್ರೀ ಅಂವ, ಕಣ್ಣಾಗ ನೀರು ಬಂತು" ಅಂದೆ.

"ಸುಳ್ಳು," ಅಂದರು ಮಸರಕಲ್ಲಣ್ಣ. "ಅಷ್ಟು ಅಳಾಂವ ಅಷ್ಟು ವರ್ಷ ಯಾಕ ಬರಲಿಲ್ಲ?"

"ಬಡತನ ಇತ್ತಲ್ರೀ."

"ಬಡತನಕ್ಕ ಕಾಲು ಇರೂದಿಲ್ಲೇನು? ಅಳಾಕ ಕಣ್ಣು ಇದ್ವು, ಬರಾಕ ಕಾಲು ಇದ್ದಿಲ್ಲ. ನಿಮ್ಮಂಥವ್ರು ಅಳ್ತೀರಂತನ ಸಿನಿಮಾದವ್ರು ಹಿಂಗ ತಗೀತಾರ."

ಎಷ್ಟೋ ವರ್ಷದ ಮೇಲೆ ಒಬ್ಬರು ನನ್ನ ಮಾತಿಗೆ ಸುಳ್ಳು ಅಂದಿದ್ದರು. ಸಿಟ್ಟು ಬಂತು. ಬಸ್ಸಿನಲ್ಲಿ ಕೂತು ಊರು ಮುಟ್ಟುವವರೆಗೂ ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡು ಬಂದೆ. ಆ ರಾತ್ರಿ ಮನೆ ಖಾಲಿ ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ತಿಂಗಳು ಅನ್ನುವುದು ನನಗೆ ಆ ಭಾನುವಾರದಿಂದ ಆ ಭಾನುವಾರಕ್ಕೆ ಅಂತಾಯಿತು. ಕಲ್ಲು ಕೂಡಿಸುತ್ತಾ ವಾದ ಕೂಡಿಸುತ್ತಿದ್ದೆ. ಮಳೆಯಲ್ಲಿ ಹೊಡೆದಾಡಿದ ನಾಯಕ ಮುಂದಿನ ಗಳಿಗೆಗೆ ಒಣ ಅಂಗಿಯಲ್ಲಿ ಬಂದರೆ, ನೋಡುವಾಗಲೇ "ಇದನ್ನ ಮಸರಕಲ್ಲಣ್ಣ ಬಿಡೂದಿಲ್ಲ" ಅಂದುಕೊಳ್ಳುತ್ತಿದ್ದೆ. ಅವರು ಬಿಡುತ್ತಲೂ ಇರಲಿಲ್ಲ. ನಗು ಬಂದರೆ ಅವರಿಗೆ ಕೆಮ್ಮೂ ಬರುತ್ತಿತ್ತು. ನಕ್ಕು, ಕೆಮ್ಮಿ, ಮತ್ತೆ ನಗುತ್ತಿದ್ದರು. ಆದರೆ ಇಬ್ಬರೂ ಒಂದು ದಿನವೂ ಮೈಕು ಹಿಡಿದವರಲ್ಲ. ಮೈಕು ಹಿಡಿದರೆ ನಿರೂಪಣೆ ಮಾಡುವ ಹುಡುಗಿ ಮೊದಲು "ತಮ್ಮ ಹೆಸರು, ಊರು ಹೇಳಿ" ಅನ್ನುತ್ತಿದ್ದಳು. ನಾವು ಹಿಂದಿನ ಸಾಲಿನ ಧೈರ್ಯವಂತರು.

ಆಮೇಲೆ ಒಂದು ತಿಂಗಳು ಅವರು ಬರಲಿಲ್ಲ. ಏನೋ ಕೆಲಸ ಬಿದ್ದಿರಬೇಕು ಅಂದುಕೊಂಡೆ. ಮುಂದಿನ ತಿಂಗಳೂ ಬರಲಿಲ್ಲ. ಅದರ ಮುಂದಿನ ತಿಂಗಳು ನಿರ್ದೇಶಕರೊಬ್ಬರು ಬಹಳ ಚಂದ ಮಾತಾಡಿದರಂತೆ. ನಾನು ಬಾಗಿಲು ನೋಡುತ್ತಾ ಕೂತಿದ್ದೆ. ಹೊರಗೆ ಬಂದು ಒಬ್ಬನೇ ಮಿರ್ಚಿ ತಿಂದೆ. ಖಾರ ಹತ್ತಿತು, ಬೈಯಲು ಯಾರೂ ಇರಲಿಲ್ಲ.

ಕಡೆಗೆ ಒಂದು ದಿನ ಕೆಲಸ ಬಿಟ್ಟು, ಮಸರಕಲ್ ಮೇಲೆ ಹಾದುಹೋಗುವ ದೇವದುರ್ಗದ ಬಸ್ಸು ಹತ್ತಿದೆ. ಮಸರಕಲ್ ಏನು ಬೆಂಗಳೂರೇ? ಹಳ್ಳಿ, ಕೇಳಿದರೆ ಸಿಕ್ಕೇ ಸಿಗುತ್ತಾರೆ ಅಂತ ನನ್ನ ಹಮ್ಮು. ಬಸ್ಸಿಳಿದ ಕಡೆಯೇ ಒಂದು ಚಾದ ಅಂಗಡಿ. ಮುದುಕಿಯೊಬ್ಬಳು ಒಲೆ ಮುಂದೆ ಕೂತಿದ್ದಳು, ಬೆಂಚಿನ ಮೇಲೆ ನಾಲ್ಕೈದು ಮಂದಿ.

"ಯಾರು ಬೇಕ್ರೀ?" ಅಂದ ಒಬ್ಬ.

"ಒಬ್ರು ಅದಾರ. ಎತ್ತರ ಆಳು, ಬಿಳಿ ಅಂಗಿ. ನಕ್ರ ಕೆಮ್ತಾರ."

"ಹೆಸರು?"

"ಹೆಸರು ಗೊತ್ತಿಲ್ರೀ."

"ಯಾರ ಪೈಕಿ?"

"ಅದೂ ಗೊತ್ತಿಲ್ಲ."

"ಮತ್ತೇನು ಗೊತ್ತದ ಮಾರಾಯಾ?"

ನನ್ನ ಬಾಯಿಗೆ ಬಂದದ್ದು ಒಂದೇ: "ಸಿನಿಮಾದಾಗ ಹೀರೋ ಅತ್ರ ಅವ್ರಿಗೆ ಸೇರೂದಿಲ್ರೀ."

ಬೆಂಚಿಗೆ ಬೆಂಚೇ ನಕ್ಕಿತು. ಆದರೂ ಒಳ್ಳೆಯ ಮಂದಿ. ಊರಲ್ಲಿ ಎತ್ತರ ಇದ್ದವರನ್ನೆಲ್ಲ ನೆನೆಸಿಕೊಂಡರು, ಕೆಮ್ಮುವವರನ್ನೆಲ್ಲ ನೆನೆಸಿಕೊಂಡರು. ಇಬ್ಬರನ್ನು ಕರೆದು ನನ್ನ ಮುಂದೆ ನಿಲ್ಲಿಸಿಯೂ ಬಿಟ್ಟರು. ಅದರಲ್ಲೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕನ್ಯಾ ನೋಡಾಕ ಬಂದೀರೇನು?" ಅಂದರು. ಮತ್ತೊಬ್ಬರು ಹುಟ್ಟಿದಾಗಿನಿಂದ ಒಂದು ಸಿನಿಮಾ ಪೂರಾ ನೋಡಿಲ್ಲವಂತೆ, ನಿದ್ದೆ ಬರುತ್ತದಂತೆ. ನನ್ನ ಮಸರಕಲ್ಲಣ್ಣ ಆ ಊರಲ್ಲಿ ಇರಲಿಲ್ಲ.

ಮುದುಕಿ ನನಗೆ ಚಾ ಕೊಟ್ಟು, "ಹೆಸರಿಲ್ದ ಗೆಳೆತನ ಎಂಥಾದ್ದೋ ಯಪ್ಪಾ? ನೀ ಯಾವೂರಾಂವ?" ಅಂದಳು.

"ಮಾನ್ವಿ ಯವ್ವಾ." ರೂಢಿ, ಬಾಯಿ ತಾನೇ ಹೇಳಿತು.

"ಮಾನ್ವಿಯಾಗ ಎಲ್ಲಿ? ನನ್ನ ಮಗಳನ್ನ ಅಲ್ಲೇ ಕೊಟ್ಟೀನಿ."

ಮಾನ್ವಿಯಲ್ಲಿ ನನಗೆ ಬಸ್ ಸ್ಟ್ಯಾಂಡ್ ಗೊತ್ತು, ಕಚೇರಿಗಳು ಗೊತ್ತು, ಫರ್ಶಿ ಹಾಕಿದ ಒಂದೆರಡು ರೈಸ್ ಮಿಲ್ಲು ಗೊತ್ತು. ಮನೆ ಇಲ್ಲ.

"ಮಾನ್ವಿ ಅಲ್ಲ ಯವ್ವಾ. ಕಲ್ಲೂರು."

"ಮತ್ತ ಮಾನ್ವಿ ಅಂದಿ?"

"ಮಾನ್ವಿ ಅಂದ್ರ ಮುಂದ ಯಾರೂ ಕೇಳೂದಿಲ್ಲ. ಕಲ್ಲೂರು ಅಂದ್ರ ಗುರ್ತಿನವ್ರು ಸಿಕ್ತಾರ, ಯಾವ ಓಣಿ ಅಂತಾರ."

ಓಣಿ ಯಾವುದು ಅಂತ ಮುದುಕಿ ಕೇಳಲಿಲ್ಲ. ಲೋಟ ನನ್ನ ಕೈಯಿಂದಲೇ ಇಸಿದುಕೊಂಡು ಮತ್ತೆ ಅರ್ಧ ಚಾ ಹಾಕಿದಳು. "ಹಂಗಾರ ಅಂವನೂ ನಿನ್ನಂಗ ಅಂದಾನ ತಗೋ. ಸುತ್ತಲ ದೊಡ್ಡಿ ಮಂದಿಯೆಲ್ಲ ಬಸ್ಸು ಹತ್ತೂದು ಇಲ್ಲೇ. ಕೇಳಿದವ್ರಿಗೆಲ್ಲ ಮಸರಕಲ್ ಅಂತಾರ. ಯಾವ ದೊಡ್ಡಿ ಅಂತ ಹುಡುಕ್ತಿ?"

ಹೊಲಗಳ ನಡುವೆ ಚದುರಿಬಿದ್ದ ಆ ದೊಡ್ಡಿಗಳ ಕಡೆ ನೋಡಿದೆ. ಒಂದೊಂದರಲ್ಲಿ ಹತ್ತು ಹದಿನೈದು ಮನೆ. ಒಂದು ದಿನಕ್ಕೆ ಆಗುವ ಮಾತಲ್ಲ. ಹೋದರೂ ಏನಂತ ಕೇಳಲಿ?

ವಾಪಸು ಬರುವ ಬಸ್ಸಿನಲ್ಲಿ ನನ್ನನ್ನು ಕಾಡಿದ್ದು ಬೇರೆ. ಅವರಿಗೆ ಮೈ ಸರಿಯಿಲ್ಲದೆ ಭಾನುವಾರ ಬರಲಾಗದೆ, ಸುದ್ದಿ ಹೇಳಲೆಂದು ಒಂದು ದಿನ ಮಾನ್ವಿಗೇ ಹೋಗಿದ್ದರೆ? ಸ್ಟ್ಯಾಂಡಿನಲ್ಲಿ ನಿಂತು "ಒಬ್ರು ಅದಾರ, ಫರ್ಶಿ ಕೆಲಸ ಮಾಡ್ತಾರ, ಸಿನಿಮಾ ನೋಡಿ ಅಳ್ತಾರ" ಅಂತ ಕೇಳಿದ್ದರೆ? ಮಾನ್ವಿಯ ಮಂದಿಯೂ ನಕ್ಕಿರಬೇಕು. ಎತ್ತರದ ಆಳು, ಬಿಸಿಲು, ಕೆಮ್ಮು. ನಾನು ಇಲ್ಲದ ಊರಿನಲ್ಲಿ ನನ್ನನ್ನು ಹುಡುಕಿ ಹೊಳ್ಳಿ ಹೋಗಿರಬೇಕು. ಹೋಗಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಬಸ್ಸು ರಾಯಚೂರು ಮುಟ್ಟುವಷ್ಟರಲ್ಲಿ ಹೋಗಿದ್ದರು ಅಂತಲೇ ನಂಬಿಬಿಟ್ಟಿದ್ದೆ.

ಆ ತಿಂಗಳ ಕೊನೆಯ ಭಾನುವಾರ ವೇದಿಕೆಯ ಮೇಲೆ ಹೆಸರಾಂತ ನಟಿಯೊಬ್ಬರು ಬಂದಿದ್ದರು. ಸಭಾಂಗಣ ತುಂಬಿತ್ತು. ಪ್ರಶ್ನೆ ಕೇಳುವ ಹೊತ್ತಿಗೆ ನನ್ನ ಕೈ ಮೇಲೆದ್ದಿತು, ನೋಡಿ ನಾನೇ ಹೆದರಿದೆ. ಮೈಕು ಬಂತು. ಕರಣಿಗಿಂತ ಹಗುರಾದ ವಸ್ತು, ಎರಡೂ ಕೈಯಲ್ಲಿ ಹಿಡಿದೆ.

"ತಮ್ಮ ಹೆಸರು, ಊರು ಹೇಳಿ ಸರ್," ಅಂದಳು ನಿರೂಪಣೆಯ ಹುಡುಗಿ.

ಹೇಳಿದೆ. ನನ್ನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ. ಊರು ಕಲ್ಲೂರು ಅಂದೆ, ತಾಲ್ಲೂಕು ಮಾನ್ವಿ ಅಂದೆ. ಬಸ್ಸಿಳಿದು ಯಾವ ಕಡೆ ಹೊರಳಬೇಕು ಹೇಳಿದೆ. ಆಮೇಲೆ ಓಣಿಯ ಹೆಸರನ್ನೂ ಹೇಳಿದೆ, ಉಳಿದದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಹೇಳಿದೆ. ಮುಂದಿನ ಸಾಲಿನ ಒಂದೆರಡು ತಲೆ ಹಿಂದಕ್ಕೆ ಹೊರಳಿದವು. ಹೊರಳಲಿ.

"ಪ್ರಶ್ನೆ ಕೇಳಿ ಸರ್."

"ಪ್ರಶ್ನಿ ಏನಿಲ್ರೀ. ಇಷ್ಟ ಹೇಳೂದಿತ್ತು."

ಸಭೆ ನಕ್ಕಿತು. ಆ ನಟಿ ನಗಲಿಲ್ಲ. ಮುಂದಕ್ಕೆ ಬಾಗಿ, "ಯಾರಿಗೆ ಹೇಳಿದ್ರಿ?" ಅಂತ ಕೇಳಿದರು.

"ಇಲ್ಲಿ ನನ್ನ ಮಗ್ಗಲಿಗೆ ಒಬ್ರು ಕುಂದರತಿದ್ರು, ಅವ್ರಿಗ್ರೀ. ಈಗ ಬರೂದಿಲ್ಲ. ಮೊಬೈಲಿನಾಗ ನೋಡಾಕತ್ತಿರಬಹುದು."

"ಅವರ ಹೆಸರೇನು?"

"ಅದನ್ನ ಅವ್ರ ಬಂದು ಹೇಳಬೇಕ್ರೀ."

ಕೂತೆ. ಮೈಕು ಮುಂದೆ ಹೋಯಿತು.

ಇದಾಗಿ ಕೆಲವು ತಿಂಗಳಾಯಿತು. ಇವತ್ತಿನವರೆಗೆ ಯಾರೂ ಬಂದಿಲ್ಲ, ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಯಾವೂರು ಅಂದರೆ ಈಗ ಕಲ್ಲೂರು ಅನ್ನುತ್ತೇನೆ, ಕೇಳದಿದ್ದರೂ ಓಣಿ ಸೇರಿಸುತ್ತೇನೆ. ಒಬ್ಬಿಬ್ಬರು ಸರಿದು ಕೂತಿದ್ದುಂಟು, ಕಾಲು ಚಾಚಲು ಜಾಗವಾಯಿತು. ನಮ್ಮೂರ ಸ್ಟಾಪಿನಲ್ಲಿ ಪಾನ್ ಡಬ್ಬಿ ಇಟ್ಟುಕೊಂಡವನಿಗೆ ಹೇಳಿಟ್ಟಿದ್ದೇನೆ, "ಎತ್ತರದ ಆಳು ಒಬ್ರು ಬರ್ತಾರ. ಏನು ಕೇಳಿದ್ರೂ ನಗಬ್ಯಾಡ. ಸೀದಾ ನಮ್ಮನಿಗೆ ಕರಕೊಂಡು ಬಾ."

"ಆತ್ರೀ ಮೇಸ್ತ್ರಿ," ಅಂದಿದ್ದಾನೆ.